ಬಟ್ಟೆ ಕುಗ್ಗಿದ್ದಲ್ಲ

ಟೈಲರ್ ಮಾಮನ ತುಟಿಗಳ ಎಡೆಯಲ್ಲಿ ಯಾವಾಗಲೂ ಎರಡು ಗುಂಡುಸೂಜಿ ಇರುತ್ತಿದ್ದವು. ಮಾತೂ ಆ ಸೂಜಿಗಳ ಸಂದಿನಿಂದಲೇ ಬರುತ್ತಿತ್ತು. ಕುತ್ತಿಗೆಯಲ್ಲಿ ನೇತಾಡುವ ಹಳದಿ ಟೇಪಿನ ಮೊದಲ ಐದಾರು ಅಂಕಿಗಳು ಬೆರಳು ತಾಗಿ ತಾಗಿ ಅಳಿಸಿಹೋಗಿದ್ದವು. ಕಡಬ ಪೇಟೆಯ ಆ ಸಣ್ಣ ಅಂಗಡಿಯಲ್ಲಿ, ಒಂದನೇ ಕ್ಲಾಸಿನ ಚಡ್ಡಿಯಿಂದ ಹಿಡಿದು ನನ್ನದೆಲ್ಲವನ್ನೂ ಹೊಲಿದವರು ಅವರೇ.

ಅವರದ್ದೊಂದು ಕ್ರಮ ಇತ್ತು. ಪ್ಯಾಂಟಿನ ಸೊಂಟದ ಒಳಗಡೆ ಎರಡಿಂಚು ಬಟ್ಟೆ ಮಡಚಿ ಬಿಡುವುದು. ಗಿರಾಕಿ ದಪ್ಪಗಾಗಿ ಬಂದರೆ ಹೊಲಿಗೆ ಬಿಚ್ಚಿ ಅಷ್ಟನ್ನು ಸಡಿಲಿಸಿ ಕೊಡುವರು. ಆದರೆ "ದಪ್ಪ ಆಗಿದ್ದೀರಿ" ಎಂದು ಅಪ್ಪಿತಪ್ಪಿಯೂ ಹೇಳುವವರಲ್ಲ. "ಬಟ್ಟೆ ಕುಗ್ಗಿದ್ದು ಮಾರಾಯ್ರೆ, ಈಗಿನ ಬಟ್ಟೆಯೇ ಹೀಗೆ" ಎನ್ನುವರು. ಗಿರಾಕಿಯ ಮರ್ಯಾದೆ ಉಳಿಯಬೇಕಲ್ಲ! ನಮ್ಮೂರಿನಲ್ಲಿ ಕುಗ್ಗಿದಷ್ಟು ಬಟ್ಟೆ ಬೇರೆಲ್ಲೂ ಕುಗ್ಗಿರಲಿಕ್ಕಿಲ್ಲ.

ನನಗೆ ಇಪ್ಪತ್ತೇಳಾದಾಗ ಮದುವೆ ಮಾತುಕತೆ ಕುದುರಿತು. ಆಗ ರಾಮಕುಂಜದಲ್ಲಿ ಮೇಷ್ಟ್ರಾಗಿದ್ದೆ. ಕೈಕಾಲು ಕಡ್ಡಿ, ಮುಖ ಸಪೂರ. ಸ್ವಲ್ಪ ಮೈ ತುಂಬಲಿ ಎಂದು ಅಮ್ಮ ಒತ್ತಾಯ ಮಾಡಿ ಬಡಿಸುತ್ತಿದ್ದಳು. ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಅದನ್ನು ಅಂಗಿ ಹೊರಗೆ ಬಿಟ್ಟು ಮುಚ್ಚುತ್ತಿದ್ದೆ. ನಿಶ್ಚಿತಾರ್ಥಕ್ಕೆಂದು ಇದ್ದ ಒಂದೇ ಒಳ್ಳೆಯ ಪ್ಯಾಂಟು ಬಿಗಿಯಾಗಿ, ಮಾಮನ ಮುಂದೆ ಹೋಗಿ ನಿಂತೆ.

ಮಾಮ ಸೊಂಟ ಅಳೆದರು. ಪುನಃ ಅಳೆದರು. ತೋಳು, ತೊಡೆ ಎಲ್ಲ ಅಳೆದು, ಹಳೆಯ ಅಳತೆ ಪುಸ್ತಕ ತೆರೆದು ನೋಡಿದರು. ಆಮೇಲೆ ತುಟಿಯಿಂದ ಎರಡೂ ಸೂಜಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಹಾಗೆ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇದನ್ನು ನಾನು ಬಿಡಿಸಿ ಕೊಡುದಿಲ್ಲ."

"ಎಂತಕ್ಕೆ ಮಾಮ? ಬಟ್ಟೆ ಕುಗ್ಗಿದ್ದಲ್ವಾ?"

"ಬಟ್ಟೆ ಕುಗ್ಗಿದ್ದಲ್ಲ. ತೋಳು ಮೊದಲಿನಷ್ಟೇ ಉಂಟು, ತೊಡೆಯೂ ಅಷ್ಟೇ ಉಂಟು. ಹೊಟ್ಟೆ ಒಂದೇ ನಾಲ್ಕಿಂಚು ಬೆಳೆದದ್ದು. ನಿನ್ನ ಅಪ್ಪನಿಗೂ ಹೀಗೆಯೇ ಇತ್ತು. ಅವನ ಪ್ಯಾಂಟು ಮೂರು ಸಲ ಬಿಡಿಸಿ ಕೊಟ್ಟೆ. ಮೂರು ಸಲವೂ ಬಟ್ಟೆ ಕುಗ್ಗಿದ್ದು ಅಂತ ಸುಳ್ಳು ಹೇಳಿದೆ." ಅಳತೆ ಪುಸ್ತಕ ಮುಚ್ಚಿಟ್ಟರು. "ನಾಳೆಯೇ ಪುತ್ತೂರಿಗೆ ಹೋಗಿ ಡಾಕ್ಟ್ರಿಗೆ ತೋರಿಸು. ಇಲ್ಲದಿದ್ರೆ ನಿನ್ನ ಮದುವೆಯ ಬಟ್ಟೆ ನಾನು ಹೊಲಿಯುದಿಲ್ಲ."

ಅಪ್ಪ ಹೃದಯಾಘಾತದಿಂದ ಹೋದದ್ದು ನಲವತ್ತೊಂದಕ್ಕೆ. ನನಗೆ ಸಿಟ್ಟು ನೆತ್ತಿಗೇರಿತು. ಅಳತೆ ತೆಗೆಯುವವರಿಗೆ ಡಾಕ್ಟರಿಕೆ ಯಾಕೆ ಎಂದು ಗೊಣಗುತ್ತಲೇ ಮರುದಿನ ಬಸ್ಸು ಹತ್ತಿದೆ. ನಿಜ ಹೇಳಬೇಕೆಂದರೆ, ಹೆದರಿದ್ದೆ.

ರಕ್ತಪರೀಕ್ಷೆಯ ಚೀಟಿ ನೋಡಿ ಪುತ್ತೂರಿನ ಡಾಕ್ಟರು ಕೇಳಿದರು, "ನಿಮ್ಮನ್ನು ಇಲ್ಲಿಗೆ ಕಳಿಸಿದ್ದು ಯಾರು?"

"ಟೈಲರು."

ಅವರು ನಗಲಿಲ್ಲ. "ನಿಮ್ಮ ತೂಕ ಸರಿಯಾಗಿಯೇ ಉಂಟು. ಆದ್ರೆ ಕೊಬ್ಬು ಕೂತ ಜಾಗ ಸರಿ ಇಲ್ಲ. ತೊಡೆಯಲ್ಲಿದ್ರೆ ಅಷ್ಟು ತೊಂದರೆ ಇಲ್ಲ. ನಿಮ್ಮದು ಹೊಟ್ಟೆಯ ಒಳಗೆ, ಕರುಳಿನ ಸುತ್ತ. ಅದು ಸುಮ್ಮನೆ ಇರುದಿಲ್ಲ, ಮೈಯಲ್ಲಿ ಸಣ್ಣಗೆ ಉರಿಯೂತ ಎಬ್ಬಿಸ್ತದೆ. ನೋವಿಲ್ಲ, ಜ್ವರ ಇಲ್ಲ, ಗೊತ್ತೇ ಆಗುದಿಲ್ಲ. ರಕ್ತನಾಳ ಮಾತ್ರ ಹಾಳಾಗ್ತಾ ಹೋಗ್ತದೆ. ಬೇಗ ಬಂದ್ರಿ, ಒಳ್ಳೇದಾಯ್ತು."

ನಿಶ್ಚಿತಾರ್ಥಕ್ಕೆ ಪಂಚೆ ಉಟ್ಟೆ. ಮದುವೆಗೆ ಎಂಟು ತಿಂಗಳಿತ್ತು. ಬೇಕರಿಯ ಪಫ್ಸು, ಬಾಟಲಿ ಜ್ಯೂಸು ಬಂದ್. ಸಂಜೆ ಶಾಲೆ ಬಿಟ್ಟ ಮೇಲೆ ಕೊಯಿಲದವರೆಗೆ ಬಿರುಸಿನ ನಡಿಗೆ. ಪ್ರತಿ ಶನಿವಾರ ಮಾಮನ ಟೇಪು. ಒಂದು ದಾರದಷ್ಟು ಇಳಿದರೂ ಮಾಮ ಪಕ್ಕದ ಅಂಗಡಿಯವರಿಗೆ ಕೇಳುವಂತೆ ಬೊಬ್ಬೆ ಹೊಡೆಯುವರು. ನಾಚಿಕೆಯಿಂದ ಸಾಯಬೇಕು ನಾನು!

ಮದುವೆಗೆ ಹದಿನೈದು ದಿನ ಇರುವಾಗ ಎರಡನೇ ಚೀಟಿ ಬಂತು. ಉರಿಯೂತ ಇಳಿದಿತ್ತು, ಎಲ್ಲ ಸರಿಯಾಗಿತ್ತು. ಓಡಿಹೋಗಿ ಮಾಮನಿಗೆ ತೋರಿಸಿದೆ. ಆ ಹಳೆಯ ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಜಾರುತ್ತಿತ್ತು. ಮಾಮ ಸೂಜಿಗಳ ಸಂದಿನಿಂದಲೇ ನಕ್ಕರು. "ಬಟ್ಟೆ ಹಿಗ್ಗಿದ್ದು ಮಾರಾಯ, ಈಗಿನ ಬಟ್ಟೆಯೇ ಹೀಗೆ!" ಕಣ್ಣು ಮಾತ್ರ ತುಂಬಿತ್ತು.

ಮದುವೆಯ ಪ್ಯಾಂಟನ್ನು ಅವರೇ ಹೊಲಿದರು. ಒಳಗೆ ಎರಡಿಂಚು ಬಿಡಲಿಲ್ಲ. ಯಾಕೆಂದು ಕೇಳಿದೆ.

"ನಿನಗೆ ಇನ್ನು ಅದು ಬೇಡ."

ಮಾಮ ತೀರಿಕೊಂಡು ಮೂರು ವರ್ಷವಾಯಿತು. ಮೊನ್ನೆ ನನಗೆ ನಲವತ್ತೆರಡು ತುಂಬಿತು. ಅಪ್ಪ ಕಾಣದ ವಯಸ್ಸು. ಅಂದು ಬೆಳಿಗ್ಗೆ ಆ ಮದುವೆಯ ಪ್ಯಾಂಟನ್ನು ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡೆ. ಸೊಂಟದ ಗುಂಡಿ ಸಲೀಸಾಗಿ ಹಾಕಲಿಕ್ಕೆ ಬಂತು.