ಮಾಮಾನ ವಿಳಾಸದಲ್ಲಿ ನನ್ನ ಅವ್ವನ ಕಿವಿ

ಕಂಪ್ಯೂಟರಿನ ಪರದೆಗೆ ಕುಂಕುಮ ಹಚ್ಚಬಾರದು. ಇದು ಧರ್ಮದ ವಿರುದ್ಧದ ಮಾತಲ್ಲ, ಆ ಕಲೆ ಸುಲಭಕ್ಕೆ ಹೋಗುವುದಿಲ್ಲ ಎಂಬಷ್ಟೇ ನನ್ನ ವಾದ. ವಾದವನ್ನು ಕೇಳುವವರು ಅಲ್ಲಿ ಯಾರಿದ್ದರು? ಬನಹಟ್ಟಿಯ ನಮ್ಮ ಮಾಮಾನ ಸೀರೆ ಅಂಗಡಿಯಲ್ಲಿ ಅಂದು ಪರದೆಗೆ ಕುಂಕುಮ ಬಿತ್ತು, ಕಾಯಿ ಒಡೆಯಿತು, ಕಾಯಿಯ ನೀರು ಕೀಬೋರ್ಡಿನ ಸಂದುಗಳಿಗೆ ಇಳಿಯಿತು. ಹಾಗೆ ಅಂಗಡಿಯ ವೆಬ್‌ಸೈಟು ಲೋಕಾರ್ಪಣೆಯಾಯಿತು. ನಿಜ ಹೇಳಬೇಕೆಂದರೆ ಅದು ಹಿಂದಿನ ದಿನವೇ ಜಗತ್ತಿಗೆಲ್ಲ ತೆರೆದುಕೊಂಡಿತ್ತು. ಮುಹೂರ್ತ ಇಟ್ಟುಕೊಟ್ಟವರ ಮರ್ಯಾದೆಗೆಂದು ನಾನು ಸುಮ್ಮನಿದ್ದೆ. ಆ ಸೈಟಿನ ಒಂದು ಮೂಲೆಯಲ್ಲಿ ನನ್ನ ಬ್ಲಾಗೂ ಇತ್ತು.

ಬ್ಲಾಗು ನನ್ನ ಕಾಲೇಜಿನ ಚಟ. ಜಮಖಂಡಿಯಲ್ಲಿ ಓದುತ್ತೇನೆ, ಚರ್ಚಾಸ್ಪರ್ಧೆಗಳಿಗೆ ಹೋಗುತ್ತೇನೆ. ವೇದಿಕೆಯ ಮೇಲೆ ಕೊಟ್ಟ ಸಮಯದಲ್ಲಿ ಹೇಳಿ ಮುಗಿಸಲಾಗದ್ದನ್ನು ಬಸ್ಸಿನಲ್ಲಿ ಕುಳಿತು ಫೋನಿನಲ್ಲಿ ಬರೆಯುತ್ತೇನೆ. ಪುಕ್ಕಟೆ ಬ್ಲಾಗಿಗೆ ಕಂಪನಿಯವರು ಕೊಡುವ ವಿಳಾಸ ಎಂಥದ್ದೆಂದರೆ, ನನ್ನ ಹೆಸರು, ಅದಕ್ಕೊಂದಿಷ್ಟು ಅಂಕಿ, ಹಿಂದೆ ಅವರ ಹೆಸರಿನ ಉದ್ದ ಬಾಲ. ಯಾರಾದರೂ ಎಲ್ಲಿ ಬರೀತೀರಿ ಎಂದು ಕೇಳಿದರೆ ಅಕ್ಷರ ಬಿಡಿಸಿ ಹೇಳಿ ಮುಗಿಸುವಷ್ಟರಲ್ಲಿ ಅವರ ಬಸ್ಸು ಬಂದಿರುತ್ತಿತ್ತು. ನನಗೊಂದು ಚಿಕ್ಕ, ಸ್ವಂತ ವಿಳಾಸ ಬೇಕಿತ್ತು.

ಮಾಮಾ ಅಂದರೆ ಅವ್ವನ ತಮ್ಮ. ನಮ್ಮದು ನೇಯುವ ಮನೆ. ಹಿಂದಿನ ಖೋಲಿಯಲ್ಲಿ ಪವರ್‌ಲೂಮ್ ಮಗ್ಗಗಳಿವೆ. ಹಾಸಿನ ನೂಲು ಸುತ್ತಿದ ಬೀಮು ಮಾಮಾನ ಅಂಗಡಿಯಿಂದ ಬರುತ್ತದೆ, ಹೊಕ್ಕಿನ ನೂಲೂ ಅಲ್ಲಿಂದಲೇ. ಅಪ್ಪ, ಅವ್ವ ಪಾಳಿಯ ಮೇಲೆ ನೇಯುತ್ತಾರೆ. ಸೀರೆ ಅಂಗಡಿಗೆ ಹೋಗಿ ಅಲ್ಲಿ ಮಾಮಾನ ಲೇಬಲ್ಲು ಅಂಟಿಸಿಕೊಳ್ಳುತ್ತದೆ. ಊರಿನ ಎಷ್ಟೋ ಮನೆಗಳು ನಡೆಯುವುದು ಹೀಗೆಯೇ. ನೇಯ್ದವರ ಹೆಸರು ಸೀರೆಯ ಮೇಲೆ ಇರಬಹುದೆಂಬ ಯೋಚನೆ ಯಾರಿಗೂ, ನೇಯ್ದವರಿಗೂ, ಬಂದಂತಿಲ್ಲ.

ನನ್ನ ಆಸೆ ಕೇಳಿ ಮಾಮಾ ಉದಾರಿಯಾದ.

"ನಿಂದೊಂದು ಬ್ಯಾರೆ ಅಡ್ರೆಸ್ ಯಾಕ ಬೇ? ನನ್ನ ಸೈಟಿನಾಗ ಒಂದು ಖೋಲಿ ತಗೋ. ಬಾಡಿಗಿ ಬ್ಯಾಡ."

"ನನ್ನ ಹೆಸರಲೇ ಇರ್ಲಿ ಅಂತ ಮಾಡಿದ್ದೆ ಮಾಮಾ."

"ನಿನ್ನ ಹೆಸರಲೇ ತಗೊಂಡ್ರ, ನಾಳೆ ಲಗ್ನಾದಮ್ಯಾಲ ಅಡ್ರೆಸ್ಸೂ ಗಂಡನ ಮನಿಗೆ ಒಯ್ತೀಯೇನ?"

"ಇಂಟರ್ನೆಟ್ಟಿಗೆ ಗಂಡನ ಮನಿ ಇರೂದಿಲ್ಲ."

"ನಿನ್ನ ಬಾಯಿಗೂ ಸಿಗೂದಿಲ್ಲ ಬಿಡು," ಎಂದು ನಕ್ಕ.

ಜೋಡಿಸಿದ್ದು ನಾನೇ. ಅಂಗಡಿಯ ವಿಳಾಸವನ್ನು ಕೊಂಡ ಕಡೆಯ ಖಾತೆ ತೆರೆದು, ಆ ವಿಳಾಸದ ಮುಂದೆ 'ಬ್ಲಾಗ್' ಎಂದು ಹಚ್ಚಿ, ಅಲ್ಲಿಗೆ ಬಂದವರನ್ನು ನನ್ನ ಬ್ಲಾಗಿನ ಕಂಪನಿಯತ್ತ ಕಳಿಸು ಎಂದು ಒಂದು ಸಾಲು ಬರೆದೆ. ಈ ವಿಳಾಸ ನಮ್ಮದೇ ಎಂಬುದಕ್ಕೆ ಅವರು ಕೊಟ್ಟ ಸಂಕೇತವನ್ನು ಇನ್ನೊಂದು ಸಾಲಿನಲ್ಲಿ ಅಂಟಿಸಿದೆ. ಆಮೇಲೆ ನನ್ನ ಬ್ಲಾಗಿನ ಸೆಟ್ಟಿಂಗಿಗೆ ಹೋಗಿ ಹೊಸ ವಿಳಾಸ ತುಂಬಿದೆ. ಅಷ್ಟೇ. ಒಮ್ಮೆ ಜೋಡಿಸಿದರೆ ಹಳೆಯ ವಿಳಾಸಕ್ಕೆ ಬಂದವರೂ ತಾವಾಗಿಯೇ ಹೊಸದಕ್ಕೆ ಹೋಗುತ್ತಾರೆ. ಸೈಟು ಮಾಡಿಕೊಟ್ಟ ಕಂಪ್ಯೂಟರ್ ಅಂಗಡಿಯವನು ಬಂದು, "ಮೇಡಂ, ಅಂಗಡಿ ಸೈಟಿಂದು, ನಿಮ್ಮ ಬ್ಲಾಗಿಂದು ಬಣ್ಣ ಒಂದ ಆಗಬೇಕ್ರಿ. ನನಗೂ ಒಂದು ಅಡ್ಮಿನ್ ಕೊಡ್ರಿ, ಒಳಗ ಹೋಗಿ ತಿದ್ದಾಕ ಬೇಕು," ಎಂದ. ಕೊಟ್ಟೆ.

ಆ ವಾರ ಬರೆದದ್ದು ಅವ್ವನ ಕಿವಿಯ ಬಗ್ಗೆ. ಮಗ್ಗದ ಸಪ್ಪಳ ಅವಳ ಕಿವಿಯನ್ನು ಹೇಗೆ ತಿಂದಿತು, ಅವಳು ನಮ್ಮ ತುಟಿ ನೋಡಿ ಹೇಗೆ ಮಾತು ಹಿಡಿಯುತ್ತಾಳೆ, ನಮ್ಮ ಮನೆಯಲ್ಲಿ ಪ್ರೀತಿಯ ಮಾತನ್ನೂ ಜಗಳದ ದನಿಯಲ್ಲಿ ಏಕೆ ಆಡಬೇಕಾಗುತ್ತದೆ ಎಂದೆಲ್ಲ. ಕೊನೆಗೆ ಒಂದು ಘಟನೆ. ಎಣ್ಣೆಯ ಕಲೆ ಬಿದ್ದ ಸೀರೆಯೊಂದನ್ನು ಒಬ್ಬ ವ್ಯಾಪಾರಿ ಅವ್ವನ ಕಾಲ ಬಳಿ ಎಸೆದ. ಅಂಗಡಿಯಲ್ಲಿ ಗಿರಾಕಿಗಳಿದ್ದರೆಂದು ದನಿ ಏರಿಸದೆ, ಹಲ್ಲು ಕಚ್ಚಿಕೊಂಡು ಬೈದ. ತುಟಿ ಅಲುಗದ ಮಾತು ಅವ್ವನಿಗೆ ತಿಳಿಯಲಿಲ್ಲ. ಅವಳು ಅವನನ್ನು ನೋಡಿ ನಕ್ಕಳು. ಸೀರೆ ಎತ್ತಿಕೊಂಡು ಮತ್ತೊಮ್ಮೆ ನಕ್ಕಳು. ವ್ಯಾಪಾರಿ ಯಾರೆಂದು ನಾನು ಬರೆಯಲಿಲ್ಲ. ಅದು ಮಾಮಾ. ಆ ದಿನ ಅವ್ವನ ಜೊತೆ ಬಾಗಿಲಲ್ಲಿ ನಿಂತಿದ್ದವಳು ನಾನು.

ಇದಾದ ಕೆಲವು ದಿನಗಳಿಗೆ ಮುಧೋಳದಲ್ಲಿ ಸ್ಪರ್ಧೆ ಇತ್ತು. ಯಂತ್ರಗಳಿಂದ ಕೆಲಸಗಾರರ ಬದುಕು ಸುಧಾರಿಸಿದೆ ಎಂಬುದು ವಿಷಯ. ಚೀಟಿ ಎತ್ತಿದಾಗ ನನಗೆ 'ಪರ' ಬಂತು. ವಿರೋಧದಲ್ಲಿ ಮಾತಾಡಿದವಳು ಬೀಳಗಿಯ ಕಡೆಯ ಹುಡುಗಿ, ಚುರುಕು. ಅವಳು ಕೊನೆಗೆ ದನಿ ತಗ್ಗಿಸಿ, "ಬನಹಟ್ಟಿಯ ಹೆಸರಾಂತ ವ್ಯಾಪಾರಿಯೊಬ್ಬರು ತಮ್ಮ ಸ್ವಂತ ಅಕ್ಕನ ಬಗ್ಗೆ ಹೀಗೆ ಬರೆದಿದ್ದಾರೆ: ನಮ್ಮ ಮನೆಯಲ್ಲಿ ಪ್ರೀತಿಯ ಮಾತನ್ನೂ ಜಗಳದ ದನಿಯಲ್ಲೇ ಆಡಬೇಕು..." ಎಂದಳು. ಸಭೆ ಚಪ್ಪಾಳೆ ಹೊಡೆಯಿತು. ನನಗೆ ಪ್ರತಿವಾದದ ಸರದಿ. ನಾನು ಎದ್ದು ನಿಂತು, ಒಂದು ಮನೆಯ ಕಣ್ಣೀರು ಇಡೀ ಉದ್ಯಮದ ಪುರಾವೆಯಾಗದು ಎಂದು ನನ್ನ ಸಾಲನ್ನೇ ನಾನು ಕೊಚ್ಚಿ ಹಾಕಿದೆ. ಬಹುಮಾನ ನನಗೇ ಬಂತು. 

ಹೊರಗೆ ಬಂದಮೇಲೆ ಆ ಹುಡುಗಿಯನ್ನು ಹಿಡಿದೆ. ಅವಳು ಖುಷಿಯಿಂದ ಫೋನು ತೋರಿಸಿದಳು.

"ಇಕಾ ನೋಡ್ರಿ. ನಮ್ಮ ಸರ್ ಗ್ರೂಪಿನಾಗ ಹಾಕಿದ್ರು. ಎಷ್ಟ ಛಲೋ ಬರದಾರ ನೋಡ್ರಿ. ನಿಮಗ ಗುರ್ತ ಅದಾರನ್ರಿ?"

"ನಮ್ಮ ಮಾಮಾ."

"ಹೌದನ್ರಿ! ಪುಣ್ಯವಂತರ ಬಿಡ್ರಿ ನೀವು. ಅಂದ್ರ ಆ ಅಕ್ಕಾರು ನಿಮಗ ಏನಾಗಬೇಕು?"

"ಅವ್ವ."

ಅವಳ ಮುಖದ ನಗು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹಾಗೇ ನಿಂತಿತು.

ಮುಧೋಳದಿಂದ ಬನಹಟ್ಟಿಯವರೆಗೆ ಬಸ್ಸಿನಲ್ಲಿ ಅದನ್ನೇ ಓದಿದೆ. ನನ್ನ ಹೆಸರಿದ್ದ ಜಾಗದಲ್ಲಿ ಮಾಮಾನ ಹೆಸರು, ಪಕ್ಕದಲ್ಲಿ ಶಾಲು ಹೊದ್ದ ಫೋಟೋ. 'ಅವ್ವ' ಇದ್ದಲ್ಲೆಲ್ಲ 'ಅಕ್ಕ'. ಸೀರೆ ಎಸೆದ ಭಾಗ ಇಲ್ಲವೇ ಇಲ್ಲ. ಅದರ ಬದಲು ಕೊನೆಗೆ: 'ನನ್ನ ಅಕ್ಕನ ಈ ಮೌನ ತಪಸ್ಸೇ ನಮ್ಮ ಪ್ರತಿಯೊಂದು ಸೀರೆಯಲ್ಲೂ ಇದೆ. ಇಂದೇ ಭೇಟಿ ಕೊಡಿ.' ಮೌನ ತಪಸ್ಸು! ಕಿವುಡಿಗೆ ಇಂಥ ಹೆಸರಿಟ್ಟು ಅದನ್ನೂ ಮಾರಾಟಕ್ಕಿಡಬಹುದೆಂದು ನನಗೆ ಹೊಳೆದಿರಲಿಲ್ಲ. ಬಣ್ಣ ಹೊಂದಿಸಲೆಂದು ಕಂಪ್ಯೂಟರಿನವನಿಗೆ ಕೊಟ್ಟ ಅಡ್ಮಿನ್ ಹೀಗೆ ಕೆಲಸ ಮಾಡಿತ್ತು.

ಬಸ್ಸಿಳಿದವಳು ನೇರ ಅಂಗಡಿಗೆ ಹೋದೆ. ಮಾಮಾ ಗಾದಿಯ ಮೇಲೆ ಕುಳಿತಿದ್ದ.

"ಬಾ ಬೇ ಭಾಷಣಗಾರ್ತಿ. ಗೆದ್ದಿ?"

"ಗೆದ್ದೆ. ನನ್ನ ಬರಹಕ್ಕ ನಿನ್ನ ಹೆಸರು ಯಾಕ ಹಾಕಿದಿ ಮಾಮಾ?"

ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಾಟಕವಲ್ಲ, ನಿಜವಾಗಿ ಅರ್ಥವಾಗಲಿಲ್ಲ. ಕಳ್ಳನ ಜೊತೆ ವಾದ ಮಾಡುವುದು ಸುಲಭ, ಅವನಿಗೆ ತಾನು ಕದ್ದದ್ದಾದರೂ ಗೊತ್ತಿರುತ್ತದೆ.

"ಅಲ್ಲ ಬೇ, ಸೈಟು ನಂದು. ಅಡ್ರೆಸ್ ನಂದು. ಅದರಾಗ ಹೊಂಟ ಮಾಲಿಗೆ ನನ್ನ ಲೇಬಲ್ಲ ಇರಬೇಕೋ, ಮಂದೀದು ಇರಬೇಕೋ?"

"ಅದು ಮಾಲಲ್ಲ. ನಾ ಬರದದ್ದು."

"ನಿಮ್ಮವ್ವ ಸೀರಿ ನೇಯ್ತಾಳ. ಆಕೀ ಹೆಸರು ಹಾಕೀನೇನು ಯಾವತ್ತರ? ಆಕಿ ಕೇಳ್ಯಾಳೇನು?"

"ಸೀರಿಗೆ ನೂಲು ನೀ ಕೊಡ್ತಿ. ಇದಕ್ಕ ಏನ ಕೊಟ್ಟಿ? ಮಾತು ನಂದು, ಕಿವಿ ಅವ್ವಂದು. ನೀ ಕೊಟ್ಟಿದ್ದು ಬರೇ ಬಾಗಲಾ."

"ಬಾಗಲಾ ಇರ್ಲಿಲ್ಲಂದ್ರ ನಿನ್ನ ಮನಿಗೆ ಯಾರ ಬರ್ತಿದ್ರು? ಇಷ್ಟ ದಿನ ಎಷ್ಟ ಮಂದಿ ಬಂದಿದ್ರು, ಹೇಳು ನೋಡೂಣು?"

ಈ ಪೆಟ್ಟು ತಾಗಿತು, ಒಪ್ಪುತ್ತೇನೆ. ಆದರೂ ಕೇಳಿದೆ, "ಅವ್ವನ ಕಾಲಾಗ ಸೀರಿ ಒಗದದ್ದು ಯಾಕ ತಗದಿ?"

ಮಾಮಾ ಮಡಚಿಟ್ಟ ಸೀರೆಗಳನ್ನು ಸರಿಪಡಿಸುತ್ತ, ನನ್ನ ಕಡೆ ನೋಡದೆ ಹೇಳಿದ: "ಎಣ್ಣಿ ಡಾಗ ಬಿದ್ದ ತುಕಡಿ ಕತ್ತರಿಸಿ ಉಳದದ್ದು ಮಾರೂದು. ಧಂದೆ ಅಂದ್ರ ಅದ."

ಅಂದರೆ ಓದಿದ್ದ. ಆ ವ್ಯಾಪಾರಿ ತಾನೇ ಎಂದು ಗುರುತು ಹಿಡಿದಿದ್ದ. ಕತ್ತರಿ ಆಡಿಸಿದ್ದು ಅರಿಯದೆ ಅಲ್ಲ. ಅಂಗಡಿಯ ಗಂಜಿ ಬಟ್ಟೆಯ ವಾಸನೆ ನನಗೆ ಚಿಕ್ಕಂದಿನಿಂದ ಇಷ್ಟ; ಅಂದು ಅದನ್ನು ಬಿಟ್ಟು ಹೊರಗೆ ಬಂದೆ.

ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ಕುಳಿತು ಫೋನು ತೆಗೆದೆ. ಕಂಪ್ಯೂಟರಿನವನ ಅಡ್ಮಿನ್ ತೆಗೆದುಹಾಕಿದೆ. ಮೂಲ ಬರಹ ನನ್ನ ಫೋನಿನಲ್ಲೇ ಇತ್ತು, ತಿರುಗಿ ಹಾಕಿದೆ. ಕೊನೆಗೆ ಸೆಟ್ಟಿಂಗಿನಲ್ಲಿ ತುಂಬಿದ್ದ ಅಂಗಡಿಯ ವಿಳಾಸ ಅಳಿಸಿದೆ. ಜೋಡಿಸುವುದಕ್ಕೆ ಎಷ್ಟೆಲ್ಲ ಓದಿಕೊಂಡಿದ್ದೆ. ಬಿಚ್ಚಲು ಒಂದು ಒತ್ತು ಸಾಕಾಯಿತು. ಮತ್ತೆ ಆ ಉದ್ದ ಬಾಲದ ವಿಳಾಸ ನನ್ನದಾಯಿತು. ಅಂಗಡಿಯ ಸೈಟಿನಲ್ಲಿ ಬ್ಲಾಗಿನ ಗುಂಡಿ ಒತ್ತಿದವರಿಗೆ ಇಂಗ್ಲಿಷಿನಲ್ಲಿ ಒಂದು ಕ್ಷಮಾಪಣೆ, ಉಳಿದದ್ದು ಬಿಳಿ ಹಾಳೆ.

ಮರುದಿನ ಬೆಳಿಗ್ಗೆ ಮಾಮಾ ಮನೆಗೆ ಬಂದ. ಅಪ್ಪ ಪೇಟೆಗೆ ಹೋಗಿದ್ದ. ಅವ್ವ ಮಗ್ಗದ ಮುಂದಿದ್ದಳು. ಮಗ್ಗ ಓಡುವಾಗ ಆ ಖೋಲಿಯಲ್ಲಿ ಕಿವಿ ಇದ್ದವರೂ ಕಿವುಡರೇ.

"ಅಕ್ಕಾ, ನಿನ್ನ ಮಗಳಿಗೆ ಒಂಚೂರು ಬುದ್ಧಿ ಹೇಳ," ಎಂದ.

"ಆಂ?"

"ಸೈಟಿನಾಗಿನ ಲೇಖನ ತಗದ ಹಾಕ್ಯಾಳ!"

"ಯಾರ ಲೇಖನ?"

"ನಂದು!"

ಅವ್ವನಿಗೆ ನಗು ಬಂತು. "ನೀ ಯಾವಾಗಿಂದ ಬರಿಯಾಕತ್ತೀಯೋ ತಮ್ಮಾ? ಸಾಲ್ಯಾಗಿದ್ದಾಗ ನಿನ್ನ ಪಾಠಾ ನಾ ಬರದ ಕೊಡ್ತಿದ್ದೆ. ಏನ ಬರದಿ?"

ಮಾಮಾ ನನ್ನ ಕಡೆ ನೋಡಿದ. ನನ್ನ ತುಟಿಯನ್ನು ಅವ್ವ ಬೇಗ ಓದುತ್ತಾಳೆ. ನಾನು ತುಟಿ ಅಲುಗಿಸಲಿಲ್ಲ. ಹೇಳಬೇಕಾದವನು ಅವನು.

"ನಿನ್ನ ಬಗ್ಗೆ," ಎಂದ.

"ಆಂ? ಜೋರ ಹೇಳ."

"ನಿನ್ನ ಬಗ್ಗೆ ಅಕ್ಕಾ! ನಿನ್ನ ಕಿವಿ! ಕಿವಿ ಕೇಳೂದಿಲ್ಲ ಅಂತ!"

ಓಣಿಗೆಲ್ಲ ಕೇಳುವಂತೆ ಕೂಗಿದ. ಪಕ್ಕದ ಮನೆಯಾಕೆ ಬಾಗಿಲಿಗೆ ಬಂದು ನಿಂತಳು. ಅವ್ವ ಮಗ್ಗ ನಿಲ್ಲಿಸಿದಳು. ಆ ಸದ್ದು ಒಮ್ಮೆಲೇ ನಿಂತಾಗ ಗೋಡೆ ಹಿಂದಕ್ಕೆ ಸರಿದಂತೆ ಆಗುತ್ತದೆ.

"ನನಗ ಕೇಳೂದಿಲ್ಲಂತ ನಿನಗ ಗೊತ್ತಿತ್ತಾ?" ಎಂದಳು ಅವ್ವ. ಸಿಟ್ಟಿರಲಿಲ್ಲ, ಬರೀ ಆಶ್ಚರ್ಯ. "ಬೀಮು ಕೊಡೂದು ಎಲ್ಲಿ ಬಿಡ್ತಿ ಅಂತ ಅಂಜಿ ನಾ ನಿನಗ ಹೇಳಿರಲಿಲ್ಲ. ಗೊತ್ತಿದ್ದೂ ಅಂಗಡ್ಯಾಗ ಯಾವಾಗಲೂ ಅಷ್ಟ ಮೆಲ್ಲಕ ಯಾಕ ಮಾತಾಡ್ತಿ?"

ಮಾಮಾ ತಲೆ ತಗ್ಗಿಸಿ ಚಪ್ಪಲಿ ಹುಡುಕಿದ. ಒಂದು ಕ್ಷಣ ಪಾಪ ಎನಿಸಿತು. ಆಮೇಲೆ ಆ ಫೋಟೋದ ಶಾಲು ನೆನಪಾಗಿ ಅದೂ ಹೋಯಿತು. "ಮಧ್ಯಾಹ್ನ ಸೀರಿ ಕಳಸ," ಎಂದು ನೆಲಕ್ಕೆ ಹೇಳಿ ಹೊರಟುಹೋದ.

ಬರಹ ನನ್ನ ಹೆಸರಿಗೆ ಬಂತು, ಗೆದ್ದೆ ಎಂದುಕೊಂಡಿದ್ದೆ. ಸಂಜೆ ಅದರ ಕೆಳಗೆ ಅಪರಿಚಿತರೊಬ್ಬರ ಪ್ರತಿಕ್ರಿಯೆ ಬಿದ್ದಿತ್ತು: 'ಇದು ಬನಹಟ್ಟಿಯ ವ್ಯಾಪಾರಿಗಳ ಲೇಖನದ ಹಸಿ ನಕಲು. ಅಕ್ಕ ಇದ್ದಲ್ಲಿ ಅವ್ವ ಎಂದು ತಿದ್ದಿ, ಸೀರೆ ಎಸೆದ ಕಟ್ಟುಕಥೆ ಸೇರಿಸಿದ್ದೀರಿ. ನಾಚಿಕೆಯಾಗಬೇಕು.' ಅದಕ್ಕೆ ಮೆಚ್ಚುಗೆ ಒತ್ತಿದವರೂ ಇದ್ದರು. ಗ್ರೂಪಿನಿಂದ ಗ್ರೂಪಿಗೆ ಶಾಲಿನ ಫೋಟೋ ಸಹಿತ ಆ ಲೇಖನದ ಪ್ರತಿ ಓಡಾಡುತ್ತಲೇ ಇತ್ತು; ಅದನ್ನು ಬಿಚ್ಚಲು ಯಾವ ಸೆಟ್ಟಿಂಗೂ ಇಲ್ಲ. ನನ್ನ ಅವ್ವ ನನ್ನ ಅವ್ವನೇ ಎಂದು ನಾನು ಪುರಾವೆ ಒದಗಿಸಬೇಕಿತ್ತು. ಮೂಲ ಯಾವುದು, ತಿದ್ದಿದ್ದು ಯಾವುದು ಎಂದು ವಾದ ಕಟ್ಟಿ ಬರೆದೆ, ಅಳಿಸಿದೆ, ಮತ್ತೆ ಬರೆದೆ.

ಅವ್ವ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕುಳಿತಳು. "ತೋರಸ, ಏನ ಬರದಿ ಅಂತಾದ್ದು."

ಅವಳು ಅದನ್ನು ಮೊದಲ ಸಲ ಓದಿದಳು, ಬೆರಳಿಟ್ಟು, ನಿಧಾನವಾಗಿ. ಕೊನೆಯ ಭಾಗಕ್ಕೆ ಬಂದಾಗ ಬೆರಳು ನಿಂತಿತು. ಕೆಳಗಿನ ಪ್ರತಿಕ್ರಿಯೆಯನ್ನೂ ಓದಿದಳು.

"ಸೀರಿ ಒಗದದ್ದು ನೆನಪೈತಿ. ಕೈ ಜಾರಿ ಬಿತ್ತು ಅಂತ ತಿಳದಿದ್ದೆ," ಎಂದಳು. "ಅಂವ ಬೈದಿದ್ದನೇನು? ಏನಂತ?"

"ಬಿಡ ಅವ್ವಾ."

"ನಾ ನಕ್ಕೀನಿ ಅಂತ ಊರಿಗೆಲ್ಲ ಹೇಳಿದಿ. ಎಂಥಾ ಮಾತಿಗೆ ನಕ್ಕೆ ಅಂತ ನನಗ ಗೊತ್ತಾಗೂದು ಬ್ಯಾಡೇನು?"

ಆ ಮಾತುಗಳನ್ನು ಕೂಗಿ ಹೇಳುವುದು ನನ್ನಿಂದಾಗದು. ಫೋನು ತೆಗೆದುಕೊಂಡು ಟೈಪು ಮಾಡಿದೆ. ಬಾಗಿಲಲ್ಲಿ ನಿಂತು ಕೇಳಿದ್ದು ಒಂದಕ್ಷರವೂ ಮರೆತಿರಲಿಲ್ಲ. ಎಂಥ ಹೊಲಸು ಮಾತುಗಳೆಂದರೆ, ಟೈಪು ಮಾಡಿದ ಬೆರಳುಗಳನ್ನು ತೊಳೆದುಕೊಳ್ಳಬೇಕೆನಿಸಿತು. ಸ್ವಂತ ಅಕ್ಕನಿಗೆ, ಒಂದು ಎಣ್ಣೆ ಕಲೆಗಾಗಿ.

ಅವ್ವ ಓದಿದಳು.  ಅಳುತ್ತಾಳೆಂದುಕೊಂಡೆ, ಅಳಲಿಲ್ಲ. ಹೊಲಸು ಮೆಟ್ಟಿದಾಗ ಮಾಡುವಂತೆ ಮುಖ ಕಿವುಚಿದಳು. ಫೋನನ್ನು ನನ್ನ ಮಡಿಲಿಗೆ ಇಟ್ಟಳು.

"ಇದನ್ನೂ ಹಾಕ," ಎಂದಳು. "ಕಟ್ಟುಕಥಿ ಅಂದಾನಲ್ಲ, ಅವನಿಗೆ ಗೊತ್ತಾಗ್ಲಿ."

ನಾನು ಕಟ್ಟಿಟ್ಟಿದ್ದ ವಾದವನ್ನೆಲ್ಲ ಅಳಿಸಿ, ಅದಷ್ಟನ್ನೇ ಹಾಕಿದೆ.