ಲಿಫ್ಟಿಗಿಂತ ಒಂದು ಉಸಿರು ಮುಂದೆ

ಇದು ನಡೆದದ್ದೇ. ಇದರಲ್ಲಿ ಒಂದು ಮೆಟ್ಟಿಲಷ್ಟು ಸುಳ್ಳಿದ್ದರೂ ಹೇಳಿದ ನಾಲಿಗೆಯ ಮೇಲೆ ಬೊಬ್ಬೆ ಏಳಲಿ.

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಹಡಿಯಲ್ಲಿ ರಕ್ತ ತೆಗೆಯುವ ಕೋಣೆಯ ಬಾಗಿಲು ತೆರೆದದ್ದೇ ತಡ, ಟ್ಯೂಬುಗಳ ಕೆಂಪು ಪೆಟ್ಟಿಗೆ ಹಿಡಿದು ಪಾದರಸಕ್ಕ ಮೆಟ್ಟಿಲಿಗೆ ಹಾರುತ್ತಾರೆ. ಬೋಳು ತಲೆಗೆ ಹತ್ತಿ ಬಟ್ಟೆ, ಕಾಲಿಗೆ ಬಿಳಿ ಶೂ. ಲ್ಯಾಬ್ ಇರುವುದು ನಾಲ್ಕನೇ ಮಹಡಿಯಲ್ಲಿ, ಎಂಬತ್ತೆಂಟು ಮೆಟ್ಟಿಲು ಮೇಲೆ. ದಿನಕ್ಕೆ ಇಪ್ಪತ್ತೆರಡು ಸಲ ಹತ್ತಬೇಕು. ಅವರ ವೇಗಕ್ಕೆ ಅವರ ನೆರಳೇ ಸುಸ್ತಾಗಿ ಲಿಫ್ಟ್ ಹತ್ತಿ ಬರುತ್ತದೆ. ಕಣ್ಣಾರೆ ಕಂಡವರಿದ್ದಾರೆ.

ಬರೀ ಓಡಿದರೆ ಸಾಲದು, ಅಲುಗದೆ ಓಡಬೇಕು. ಕುಲುಕಿದರೆ ರಕ್ತ ಕೆಡುತ್ತದೆ. "ಕಾಲು ಓಡ್ಬೇಕು, ಕೈ ನಿದ್ದೆ ಮಾಡ್ಬೇಕು. ಮಲಗಿರೋ ಮಗೂನ ಎತ್ಕೊಂಡು ಹೋದ ಹಾಗೆ," ಎನ್ನುತ್ತಾರೆ ಅಕ್ಕ. ಹತ್ತೊಂಬತ್ತು ವರ್ಷದಲ್ಲಿ ಲಿಫ್ಟ್ ಅವರನ್ನು ಒಮ್ಮೆಯೂ ಸೋಲಿಸಿರಲಿಲ್ಲ.

ಕಳೆದ ವರ್ಷ ಎದೆಯಲ್ಲಿ ಗಡ್ಡೆ ಸಿಕ್ಕಿತು. ಕ್ಯಾನ್ಸರ್. ಬಲಗಡೆ ಆಪರೇಷನ್, ಆಮೇಲೆ ಆರು ಕೀಮೋ. ಮೇಲ್ವಿಚಾರಕರು ಮೂಲೆಯಲ್ಲಿ ಕುರ್ಚಿ ಹಾಕಿಸಿ, ಟ್ಯೂಬಿಗೆ ಚೀಟಿ ಅಂಟಿಸಲು ಕೂರಿಸಿದರು. ಎರಡನೇ ದಿನಕ್ಕೇ ಅಕ್ಕ ಡಾಕ್ಟರಮ್ಮನ ಮುಂದೆ ಹಾಜರು.

"ನಾನು ಕೂತ್ರೆ ಕಾಯಿಲೇನೂ ಕುರ್ಚಿ ಎಳ್ಕೊಂಡು ಪಕ್ಕದಲ್ಲೇ ಕೂರುತ್ತೆ ಡಾಕ್ಟ್ರೇ. ಓಡಿದ್ರೆ, ಪಾಪ, ಅದಕ್ಕೆ ಮಂಡಿನೋವು, ಹಿಂದೆ ಬೀಳುತ್ತೆ."

ಡಾಕ್ಟರಮ್ಮ ನಕ್ಕು ಒಪ್ಪಿದರು. ಮೊದಲು ಒಂದೇ ಮಹಡಿ, ಸುಸ್ತಾದರೆ ನಿಲ್ಲಬೇಕು, ರಕ್ತಕಣ ಇಳಿದ ವಾರ ಓಟವೇ ಇಲ್ಲ, ಬಲಗೈಯಲ್ಲಿ ಭಾರ ಹೊರುವಂತಿಲ್ಲ. ಸರಿ, ಎಡಗೈಗೆ ಪಾಠ ಶುರುವಾಯಿತು. ಬೋಗುಣಿ ತುಂಬ ನೀರು ಹಿಡಿದು ಮನೆಯೊಳಗೆಲ್ಲ ಓಟ.

"ಓಡಮ್ಮ ಓಡು, ನೆಲ ಒರೆಸೋ ಕೆಲಸ ಹೇಗೂ ನಂದೇ," ಎಂದಳು ಮಗಳು.

ಲಿಫ್ಟ್ ನಡೆಸುವ ಅಣ್ಣನಿಗೆ ಆಗ ಸುಗ್ಗಿಯೋ ಸುಗ್ಗಿ. "ಏನಮ್ಮ, ಪಾದರಸ ಹೋಗಿ ಡಾಂಬರಾಗ್ಬಿಟ್ಟಿದೀಯಲ್ಲ!"

"ನಿನ್ನ ಡಬ್ಬೀನ ಹಗ್ಗ ಎಳೆಯುತ್ತೆ, ನನ್ನನ್ನ ನಾನೇ ಎಳ್ಕೋಬೇಕು. ನಗ್ತಾ ಇರು, ಬರ್ತೀನಿ!"

ಕೀಮೋ ಮುಗಿದು, ಡಾಕ್ಟರಮ್ಮನೂ ಹೂಂ ಎಂದ ಮೇಲೆ ಮೇಲ್ವಿಚಾರಕರು ಷರತ್ತು ಹಾಕಿದರು: ಮುಂಚಿನಂತೆ ಲಿಫ್ಟಿಗಿಂತ ಮೊದಲು ಮೇಲೆ ಮುಟ್ಟಿದರೆ ಪೆಟ್ಟಿಗೆ ನಿನ್ನದು, ಇಲ್ಲವಾದರೆ ಕುರ್ಚಿಯೇ ಕಾಯಂ. ಎಡಗೈಯಲ್ಲಿ ಪೆಟ್ಟಿಗೆ ಹಿಡಿದು ಅಕ್ಕ ಓಡಿದರು. ಗೆದ್ದೂಬಿಟ್ಟರು. ಆದರೆ ಎಷ್ಟು ಹೊತ್ತಾದರೂ ಲಿಫ್ಟ್ ಬರಲಿಲ್ಲ. ಬಂದಾಗ ಒಳಗೆ ಅಣ್ಣನನ್ನು ಬಿಟ್ಟರೆ ನರಪಿಳ್ಳೆ ಇಲ್ಲ.

"ಅಣ್ಣಾ, ಖಾಲಿ ಡಬ್ಬಿ ಮೂರೂ ಮಹಡೀಲಿ ಯಾಕೆ ನಿಲ್ತು?"

"ಯಾರೋ ಗುಂಡಿ ಒತ್ತಿದ್ರು ತಾಯಿ."

"ಯಾರು?"

"ಗಾಳಿ ಇರ್ಬೇಕು."

"ಗಾಳಿಗೆ ಬೆರಳು ಯಾವಾಗ ಬಂತು? ಕನಿಕರದ ಗೆಲುವು ನಂಗೆ ಬೇಡ. ನಡಿ ಕೆಳಗೆ!"

ಎರಡನೇ ಓಟಕ್ಕೆ ಲಿಫ್ಟ್ ತುಂಬ ಜನ. ಯಾರಾದರೂ ಇಳಿಯುವ ಕಡೆ ಮಾತ್ರ ಅದು ನಿಂತಿತು. ಮೂರನೇ ಮಹಡಿಯಲ್ಲಿ ಅಕ್ಕನಿಗೆ ಉಸಿರು ಕೈಕೊಟ್ಟಿತು. ಕಂಬಿ ಹಿಡಿದು ನಿಂತು ನಾಲ್ಕು ಉಸಿರು ಎಳೆದುಕೊಂಡರು. ಲಿಫ್ಟ್ ಗುರ್ರೆಂದು ಗೋಡೆಯಾಚೆ ಮೇಲೇರುವುದು ಕೇಳಿಸಿತು. ಆ ಕಾಲುಗಳಿಗೆ ಅದೇನು ಹೊಕ್ಕಿತೋ, ಉಳಿದ ಇಪ್ಪತ್ತೆರಡು ಮೆಟ್ಟಿಲನ್ನು ಏಳೇ ನೆಗೆತಕ್ಕೆ ನುಂಗಿ ನೀರು ಕುಡಿದವು! ಪೆಟ್ಟಿಗೆ ಲ್ಯಾಬಿನ ಕಟ್ಟೆಯ ಮೇಲೆ ಕೂತಿತು. ಆಮೇಲೆ ಲಿಫ್ಟಿನ ಗಂಟೆ ಟಿಣ್ ಎಂದಿತು. ಒಂದು ಹನಿ ರಕ್ತವೂ ಕೆಟ್ಟಿರಲಿಲ್ಲ.

"ಈ ಸಲ ನಿಜವಾಗ್ಲೂ ಸೋತೆ ತಾಯಿ," ಎಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಲಿಫ್ಟ್ ಅಣ್ಣನೇ.

ಆ ಪೆಟ್ಟಿಗೆಯಲ್ಲಿ ಅಕ್ಕನದೇ ರಕ್ತದ ಒಂದು ಟ್ಯೂಬೂ ಇತ್ತು. "ಅದಕ್ಕೂ ಗೊತ್ತಾಗ್ಲಿ ಬಿಡಿ, ಎಂಥವಳ ಮೈಯಲ್ಲಿತ್ತು ಅಂತ!"

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಅಕ್ಕ ಆಗಲೇ ಪೆಟ್ಟಿಗೆ ಎತ್ತಿಕೊಂಡಿದ್ದಾರೆ. "ಒಂದೇ ಒಂದು. ಮೆಟ್ಟಿಲ ಮಧ್ಯೆ ನಿಂತ್ಕೊಂಡು ಫೋನಲ್ಲಿ ಊರ ಸುದ್ದಿ ಮಾತಾಡ್ತೀರಲ್ಲ, ನೀವೇ, ಬೇರೆ ಯಾರನ್ನೋ ಅಂದ ಹಾಗೆ ಹಿಂದೆ ತಿರುಗಿ ನೋಡ್ಬೇಡಿ, ಸ್ವಲ್ಪ ಗೋಡೆ ಕಡೆ ಸರೀರಿ. ಪೆಟ್ಟಿಗೆ ಬರ್ತಿದೆ!"