ಕೂಪನ್ ಬೆನ್ನಿಗಿದ್ದ ಕಳ್ಳ

ಬಳಗದವರೇ, ಇಂದು ನನ್ನ ತಂಗಿ ಸರೋಜಳೆದುರು ನಾನು ಗೆದ್ದೆ!

ಚಿಕ್ಕಂದಿನಲ್ಲಿ ನಮ್ಮ ಕಾಮಿಕ್ಸ್ ಪುಸ್ತಕದ ಕೊನೆಯ ಹಾಳೆಯಿಂದ ಬಹುಮಾನದ ಕೂಪನ್ ಕತ್ತರಿಸಿದ್ದೆ. ಅದರ ಬೆನ್ನಿಗಿದ್ದ, ಮುಸುಕು ತೆಗೆದ ಕಳ್ಳನ ಮುಖವೂ ಹೋಯಿತು. ಕಳ್ಳ ಯಾರೆಂದು ಸರೋಜಳಿಗೆ ತಿಳಿಯಲೇ ಇಲ್ಲ. ಅಂದಿನಿಂದಲೂ ನನಗೆ ಬೈಗುಳ.

ಇವತ್ತು ನಾವಿಬ್ಬರೂ ಹೋಗಿದ್ದ ಜಯನಗರದ ಪುಸ್ತಕದಂಗಡಿಯಲ್ಲಿ ಅದರದೇ ಮರುಮುದ್ರಣ ಸಿಕ್ಕಿತು.

“ಹಳೇದು ಹೇಗಿತ್ತೋ ಹಾಗೇ ಇದೆ ಮೇಡಂ,” ಎಂದರು ಅಂಗಡಿಯವರು.

ಸರೋಜ ಆತುರದಿಂದ ಕೊನೆಯ ಹಾಳೆ ತೆರೆದರೆ, ಕಳ್ಳನ ಜಾಗದಲ್ಲಿ ಬಿಳಿ ಚೌಕ! ಮರುಮುದ್ರಣಕ್ಕೆಂದು ಪ್ರಕಾಶಕರಿಗೆ ಸಿಕ್ಕ ಒಂದೇ ಹಳೆಯ ಪ್ರತಿಯಲ್ಲೂ ಯಾರೋ ಕೂಪನ್ ಕತ್ತರಿಸಿದ್ದರಂತೆ.

“ನಿನ್ನಂಥೋನು ಇನ್ನೊಬ್ಬ ಇದ್ನಾ ಅಣ್ಣಾ!” ಎಂದು ಸರೋಜ ಬಿದ್ದು ಬಿದ್ದು ನಕ್ಕಳು.

ಕಳ್ಳ ಯಾರೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಆದರೆ ಈ ಸಲ ಕತ್ತರಿಸಿದವನು ನಾನಲ್ಲ.